ಹಳೆಯ ಗಾಡಿಯ ಕೊರಳು

ಮೋಟಾರ್ ಸೈಕಲ್ಲಿಗೂ ಕೊರಳೊಂದಿದೆ, ಮುಪ್ಪು ಮೊದಲು ಅಲ್ಲಿಯೇ ಬಂದು ಕೂಡ್ರುತ್ತದೆ ಎಂಬ ಸಂಗತಿ ನನಗೆ ಬಹುಕಾಲ ತಿಳಿದಿರಲಿಲ್ಲ. ಕಳೆದ ಕಬ್ಬಿನ ಹಂಗಾಮಿನ ಆರಂಭದಲ್ಲಿ, ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ, ಆ ತಿಳಿವಳಿಕೆ ಒಮ್ಮೆಲೇ ಒದಗಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನೆಳೆದುಕೊಂಡು ಹಗಲಿರುಳು ಓಡಾಡುವ ಆ ದಿನಗಳಲ್ಲಿ ನಮ್ಮ ಭಾಗದ ರಸ್ತೆಗಳ ಮೈಮೇಲೆ ಡಾಂಬರು ನಿಲ್ಲುವದೇ ಕಷ್ಟ. ಅಂಥ ಒಂದು ಟ್ರೇಲರನ್ನು ದಾಟಬೇಕೆಂದು ನಾನು ಗಾಡಿಯನ್ನು ಬಲಕ್ಕೆ ಹೊರಳಿಸಿದೆ. ಹ್ಯಾಂಡಲ್ ಮಾತು ಕೇಳಲಿಲ್ಲ. ನಟ್ಟನಡುವಿನ ಒಂದು ಜಾಗದಲ್ಲಿ ಅದು ಕಚ್ಚಿಕೊಂಡು ನಿಂತಿತು. ತುಸು ಬಲ ಹಾಕಿದೊಡನೆ ಕಚ್ಚು ಬಿಟ್ಟು, ಬೇಕಾದುದಕ್ಕಿಂತ ಹೆಚ್ಚು ತಿರುಗಿತು. ಅಷ್ಟರಲ್ಲಿ ಮುಂದಿನ ಗಾಲಿ ಗುಂಡಿಗಿಳಿದು ಮೇಲೆದ್ದು, ಬೆದರಿದ ಹೋರಿಯಂತೆ ಎಡಕ್ಕೂ ಬಲಕ್ಕೂ ತಲೆ ಕೊಡವತೊಡಗಿತು. ಟ್ರೇಲರಿನ ಹಿಂದಿನ ಗಾಲಿ ನನ್ನ ಮೊಣಕಾಲಿನಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ರಸ್ತೆಯ ಬದಿಗೆ ನಿಂತು ನೀರು ಕುಡಿದೆ. ಆ ದಿನ ತರಗತಿಯಲ್ಲಿ ಏನು ಪಾಠ ಹೇಳಿದೆನೆಂಬುದು ಈಗ ನೆನಪಿಲ್ಲ.

ಗಾಡಿ 1969ರ ಜಾವಾ. ಜಾವಾ ಎಂಬುದು ಹುಟ್ಟಿದ್ದು ದೂರದ ಚೆಕೊಸ್ಲೊವಾಕಿಯದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರಗಳೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲಕ್ಷರಗಳೂ ಕೂಡಿ ಆದ ಹೆಸರು ಅದು. ಆದರೆ ನಮ್ಮವರ ಪಾಲಿಗೆ ಅದು ಮೈಸೂರಿನ ಗಾಡಿಯೇ. ಅಲ್ಲಿಯ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರಖಾನೆ 1961ರಲ್ಲಿ ಆರಂಭವಾಯಿತು. 1973ರಿಂದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರಖಾನೆಯ ಬಾಗಿಲು ಮುಚ್ಚಿತು. ನಮ್ಮ ಗಾಡಿಯನ್ನು ಕೊಂಡವರು ಹುಕ್ಕೇರಿಯ ನನ್ನ ಸೋದರಮಾವ. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿ ಅವರು ಕಲ್ಲು ಸಾಗಿಸುವ ಗುತ್ತಿಗೆದಾರನೊಬ್ಬನಲ್ಲಿ ಲೆಕ್ಕ ಬರೆಯುತ್ತಿದ್ದರು. ಖಡಿ ಚೆಲ್ಲಿದ ಆ ದಾರಿಯ ಮೇಲೆ ದಿನಕ್ಕೆರಡು ಸಲ ಈ ಗಾಡಿ ಓಡಿದೆ. ಕಣ್ಣು ಮಂದವಾದ ಮೇಲೆ ಅವರು ಅದನ್ನು ನನಗೆ ಒಪ್ಪಿಸಿದರು. ಹದಿನಾರು ವರ್ಷಗಳಿಂದ ಅದು ನನ್ನದು.

ಗೋಕಾಕದಲ್ಲಿ ನಮ್ಮ ಮನೆಯ ಹತ್ತಿರವೇ ಒಬ್ಬ ಮೇಸ್ತ್ರಿಯಿದ್ದಾನೆ. ಗಾಡಿಯ ಹೊಟ್ಟೆಯಡಿ ಮರದ ದಿಮ್ಮಿ ಕೊಟ್ಟು, ಮುಂದಿನ ಗಾಲಿಯನ್ನು ನೆಲದಿಂದೆತ್ತಿ, ಎರಡೇ ಬೆರಳುಗಳಿಂದ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದ. ನಡುವೆ ಬಂದೊಡನೆ ‘ಟಕ್’ ಎಂದು ಅದು ತನ್ನ ಗುಳಿಯಲ್ಲಿ ಕುಳಿತಿತು.

“ಸರ್, ಬ್ಯಾನಿ ಗಾಲ್ಯಾಗ ಇಲ್ರಿ, ಕೊಳ್ಳಾಗ ಐತಿ,” ಎಂದ.

ಬಿಚ್ಚಿ ತೋರಿಸಿದಾಗ ನನಗೂ ಕಂಡಿತು. ಗಾಡಿಯ ಚೌಕಟ್ಟಿನ ಮುಂಭಾಗದಲ್ಲಿ ಓರೆಯಾಗಿ ನಿಂತ ಒಂದು ಗಿಡ್ಡ ಕೊಳವೆ, ಅದೇ ಕೊರಳು. ಅದರ ಮೇಲ್ತುದಿಗೊಂದು, ಕೆಳತುದಿಗೊಂದು ಉಕ್ಕಿನ ಬಟ್ಟಲು. ಬಟ್ಟಲುಗಳಲ್ಲಿ ಸುತ್ತಲೂ ಜೋಡಿಸಿದ ಉಕ್ಕಿನ ಗುಂಡುಗಳು. ಇವುಗಳ ಮೇಲೆಯೇ ಹ್ಯಾಂಡಲೂ ಫೋರ್ಕೂ ತಿರುಗುವದು. ಗಾಡಿ ಬಹುಪಾಲು ಹೊತ್ತು ನೆಟ್ಟಗೇ ಓಡುವದರಿಂದ ಪ್ರತಿಯೊಂದು ಗುಂಡೂ ವರುಷಗಟ್ಟಲೆ ಒಂದೇ ಸ್ಥಳದಲ್ಲಿ ನಿಂತು ಪೆಟ್ಟು ತಿನ್ನುತ್ತದೆ. ಒಂದೊಂದು ಗುಂಡಿಯ ಹೊಡೆತವೂ ಸುತ್ತಿಗೆಯ ಏಟಿನಂತೆ ಕೆಳಗಿನ ಬಟ್ಟಲಿನ ಮೇಲೆ ಬೀಳುತ್ತದೆ. ಕಡೆಗೆ ಬಟ್ಟಲಿನಲ್ಲಿ ಸಾಲಾಗಿ ಗುಳಿಗಳೇಳುತ್ತವೆ. ಗುಂಡುಗಳು ಅಲ್ಲಿ ಮನೆ ಮಾಡಿಕೊಳ್ಳುತ್ತವೆ. ಸವಾರ ತಿರುಗಿಸಬೇಕೆಂದರೂ ಅವು ಮನೆ ಬಿಟ್ಟು ಹೊರಡಲು ಒಪ್ಪವು.

ಫೋರ್ಕಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಮೊದಲಿನ ಕಾಲದ ಮೋಟಾರ್ ಸೈಕಲ್ಲುಗಳಿಗೆ ಮುಂದೆ ಜೋಡುಕಂಬಗಳ ಒಂದು ಚೌಕಟ್ಟು, ನಡುವೆ ಒಂದು ಸ್ಪ್ರಿಂಗು ಇಷ್ಟೇ ಇರುತ್ತಿದ್ದಿತು. ಒಂದು ಕೊಳವೆಯೊಳಗೆ ಇನ್ನೊಂದು ಜಾರುವ, ಒಳಗೆ ಸ್ಪ್ರಿಂಗೂ ಎಣ್ಣೆಯೂ ಇರುವ ಫೋರ್ಕನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1935ರಲ್ಲಿ ತನ್ನ ಗಾಡಿಗೆ ಹಾಕಿತು. ಯುದ್ಧ ಮುಗಿದ ಮೇಲೆ ಲೋಕವೆಲ್ಲ ಅದನ್ನೇ ಅನುಸರಿಸಿತು. ನಮ್ಮ ಜಾವಾದ ಫೋರ್ಕೂ ಆ ವಂಶದ್ದೇ. ಇದರಲ್ಲಿ ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ಸಣ್ಣ ರಂಧ್ರಗಳಲ್ಲಿ ನುಸುಳಿ ಹರಿಯುವ ಎಣ್ಣೆ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಎಣ್ಣೆಯ ಕಡಿವಾಣವಿಲ್ಲದಿದ್ದರೆ ಗಾಡಿ, ಗೋಕಾಕ ಜಲಪಾತದ ತೂಗುಸೇತುವೆಯಂತೆ, ಹೆಜ್ಜೆ ನಿಂತ ಮೇಲೂ ತೂಗುತ್ತಲೇ ಇರುತ್ತದೆ. ನಮ್ಮ ಗಾಡಿಯ ಒಂದು ಕಾಲಿನ ಸೀಲು ಹರಿದು ಎಣ್ಣೆಯೆಲ್ಲ ಸೋರಿಹೋಗಿತ್ತು. ಒಳಗಿನ ಬುಶ್ಶುಗಳು ಸವೆದಿದ್ದವು. ಕೊಳವೆಯ ಕ್ರೋಮಿಯಂ ಹೊದಿಕೆ ತುಕ್ಕು ಹಿಡಿದು ಚುಕ್ಕೆ ಚುಕ್ಕೆಯಾಗಿ ಎದ್ದಿತ್ತು.

ನನ್ನ ಮಗನಿಗೆ ಹತ್ತೊಂಬತ್ತು ವರುಷ. ಅವನು ಅಂದ: “ಅಪ್ಪಾ, ಇದನ್ನ ರಿಪೇರಿ ಮಾಡಿಸೋದಕ್ಕಿಂತ ಹೊಸಾ ಗಾಡೀದು ಮುಂದಿನ ಸೆಟ್ಟ ಹಾಕಿಸಿಬಿಡೋಣ. ಡಿಸ್ಕ್ ಬ್ರೇಕೂ ಬರ್ತೈತಿ.”

ಈ ಮಾತನ್ನು ತಳ್ಳಿಹಾಕುವದು ಸುಲಭವಿರಲಿಲ್ಲ. ನಾಳೆ ಆ ಗಾಡಿಯನ್ನು ನಡೆಸುವವನು ಅವನೇ. ಡಿಸ್ಕ್ ಬ್ರೇಕು ಹಳೆಯ ಡ್ರಮ್ ಬ್ರೇಕಿಗಿಂತ ಚುರುಕಾಗಿ ನಿಲ್ಲಿಸುತ್ತದೆಂಬುದರಲ್ಲಿ ಸಂದೇಹವಿಲ್ಲ. ಹಳೆಯದರ ಮೇಲಿನ ನನ್ನ ಮೋಹಕ್ಕೆ ಮಗನ ಎಲುಬುಗಳನ್ನು ಒತ್ತೆಯಿಡುವ ಅಧಿಕಾರ ನನಗೆ ಯಾರು ಕೊಟ್ಟರು? ಎರಡು ರಾತ್ರಿ ನಾನು ಇದನ್ನೇ ಯೋಚಿಸಿದೆ. ಮೂರನೆಯ ದಿನ ಮೇಸ್ತ್ರಿಯ ಮುಂದೆ ಕುಳಿತು, ಅವನಿಂದ ಪಾಠ ಹೇಳಿಸಿಕೊಂಡೆ.

ಪಾಠದ ಸಾರ ಇಷ್ಟು. ಹ್ಯಾಂಡಲ್ ತಿರುಗುವ ಅಚ್ಚನ್ನು ಒಂದು ಗೆರೆಯೆಂದು ಭಾವಿಸಿ ನೆಲದವರೆಗೆ ಎಳೆಯಿರಿ. ಆ ಗೆರೆ ನೆಲವನ್ನು ಮುಟ್ಟುವ ಬಿಂದು, ಗಾಲಿ ನೆಲವನ್ನು ಮುಟ್ಟುವ ಬಿಂದುವಿಗಿಂತ ಕೆಲವು ಅಂಗುಲ ಮುಂದಿರುತ್ತದೆ. ಹಗ್ಗ ಹಿಡಿದವನ ಹಿಂದೆ ಆಕಳು ನಡೆದುಬರುವಂತೆ ಗಾಲಿ ಆ ಬಿಂದುವಿನ ಹಿಂದೆ ನಡೆದುಬರುತ್ತದೆ; ಗಾಡಿ ನೆಟ್ಟಗೆ ಓಡುವದಕ್ಕೆ ಇದೊಂದು ಮುಖ್ಯ ಕಾರಣ. ಹಗ್ಗ ತೀರ ಗಿಡ್ಡವಾದರೆ ಗಾಡಿ ಚಂಚಲವಾಗುತ್ತದೆ. ತೀರ ಉದ್ದವಾದರೆ ತಿರುಗಲು ಜಡವಾಗುತ್ತದೆ. ಫೋರ್ಕಿನ ಉದ್ದ, ಕೊರಳಿನ ಓರೆ, ಗಾಲಿಯ ಅಳತೆ ಈ ಮೂರೂ ಕೂಡಿ ಆ ಹಗ್ಗದ ಉದ್ದವನ್ನು ನಿರ್ಣಯಿಸುತ್ತವೆ. ನಮ್ಮ ಜಾವಾದ ಗಾಲಿ 16 ಅಂಗುಲದ್ದು. ಈಗಿನ ಗಾಡಿಗಳದು ಬಹುಮಟ್ಟಿಗೆ 17 ಇಲ್ಲವೆ 18. ಒಂದರ ಮುಂಭಾಗವನ್ನು ಇನ್ನೊಂದಕ್ಕೆ ಕೂಡಿಸಿದರೆ ಮೂರು ಲೆಕ್ಕಗಳೂ ಒಟ್ಟಿಗೆ ತಪ್ಪುತ್ತವೆ. ಮೇಲಾಗಿ, ಡಿಸ್ಕ್ ಬ್ರೇಕು ಬಿಗಿಯಾಗಿ ಹಿಡಿದಾಗ ಹುಟ್ಟುವ ಎಳೆತವೆಲ್ಲ ಆ ಗಿಡ್ಡ ಕೊಳವೆಯ ಬೆಸುಗೆಯ ಮೇಲೆ ಬೀಳುತ್ತದೆ. ಆ ಬೆಸುಗೆಯನ್ನು ಹಾಕಿದವರು ಇಂಥ ಬ್ರೇಕನ್ನು ಎಣಿಸಿರಲಿಲ್ಲ.

ಕಾನೂನಿನ ಮಾತೂ ಇದೆ. ಗಾಡಿಯ ನೋಂದಣಿ ಪತ್ರದ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಮಾರ್ಪಾಡು ಮಾಡುವದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮವೂ ಬಂದಿತು. ಆದರೆ ವಾಹನವು ತನ್ನ ಮೂಲರೂಪದಲ್ಲಿರಬೇಕು, ಮತ್ತು ಅದನ್ನು ನಿತ್ಯದ ಓಡಾಟಕ್ಕೆ ಬಳಸಕೂಡದು. ಕಾಲೇಜಿಗೂ ಸಂತೆಗೂ ಹೋಗುವ ನಮ್ಮ ಗಾಡಿಗೆ ಆ ಪದವಿ ಒಗ್ಗುವಂತಿರಲಿಲ್ಲ. ಪದವಿ ಬೇಡವೆಂದ ಮಾತ್ರಕ್ಕೆ ಮೂಲರೂಪವೂ ಬೇಡವೇ?

ನನ್ನ ಕಸುಬಿನಿಂದಲೇ ನನಗೊಂದು ಉತ್ತರ ಹೊಳೆಯಿತು. ಹಳಗನ್ನಡದ ಓಲೆಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರು ಲಿಪಿಕಾರನ ಕೈತಪ್ಪನ್ನು ತಿದ್ದುತ್ತಾರೆ. ಹುಳು ತಿಂದ ಅಕ್ಷರವನ್ನು ಬೇರೆ ಪ್ರತಿಗಳ ನೆರವಿನಿಂದ ತುಂಬುತ್ತಾರೆ. ಕವಿಯ ಛಂದಸ್ಸಿಗೆ ಮಾತ್ರ ಕೈಹಚ್ಚುವದಿಲ್ಲ. ಕಂದಪದ್ಯದ ಅರ್ಧಕ್ಕೆ ಷಟ್ಪದಿಯ ಅರ್ಧವನ್ನು ಹೊಲಿದರೆ ಎರಡೂ ಕೆಡುತ್ತವೆ. ಗುಳಿಬಿದ್ದ ಬಟ್ಟಲು, ಸವೆದ ಬುಶ್ಶು, ಹರಿದ ಸೀಲು ಇವೆಲ್ಲ ಹುಳು ತಿಂದ ಅಕ್ಷರಗಳು; ಧಾರಾಳವಾಗಿ ಬದಲಿಸಬಹುದು, ಹಿಂದಿನದಕ್ಕಿಂತ ಉತ್ತಮವಾದುದನ್ನೇ ಹಾಕಬಹುದು. ಕೊರಳಿನ ಓರೆ, ಫೋರ್ಕಿನ ಉದ್ದ, ಗಾಲಿಯ ಅಳತೆ ಇವು ಛಂದಸ್ಸು.

ಹಾಗೆಯೇ ಮಾಡಿದೆವು. ಗುಂಡುಗಳಿಗೆ ಬದಲಾಗಿ ಓರೆ ರೋಲರುಗಳ ಬೇರಿಂಗು ತರಿಸಿದೆವು. ಗುಂಡು ಬಟ್ಟಲನ್ನು ಮುಟ್ಟುವದು ಒಂದು ಚುಕ್ಕೆಯಲ್ಲಿ. ರೋಲರು ಮುಟ್ಟುವದು ಒಂದು ಗೆರೆಯುದ್ದಕ್ಕೂ. ಭಾರ ಹಂಚಿಹೋಗುವದರಿಂದ ಗುಳಿ ಬೀಳುವದು ಬಹಳ ತಡ. ಹೊಸ ಬೇರಿಂಗು ಹಳೆಯ ಕೊಳವೆಯಲ್ಲಿ ನೇರ ಕೂಡ್ರಲಿಲ್ಲ. ಬೆಳಗಾವಿಯ ಉದ್ಯಮಬಾಗಿನ ಲೇಥಿನಲ್ಲಿ ಉಕ್ಕಿನ ತೆಳುಬಳೆಯೊಂದನ್ನು ಕೊರೆಸಿ ನಡುವೆ ಹಾಕಬೇಕಾಯಿತು. ಕಂಚಿನ ಬುಶ್ಶುಗಳನ್ನೂ ಅಲ್ಲಿಯೇ ಮಾಡಿಸಿದೆವು. ಫೋರ್ಕಿನ ಕೊಳವೆಗಳನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ, ಬಾಗಿಲ್ಲವೆಂದು ಖಾತ್ರಿಮಾಡಿಕೊಂಡ ಬಳಿಕ ಹೊಸ ಕ್ರೋಮಿಯಂ ಹೊದಿಸಲಾಯಿತು. ಎರಡೂ ಕಾಲುಗಳಿಗೆ ಹೊಸ ಸೀಲು, ಅಳೆದು ಸುರಿದ ಸಮಪ್ರಮಾಣದ ಎಣ್ಣೆ. ಬ್ರೇಕಿಗೆ ಹೊಸ ಲೈನರು, ಹೊಸ ಕೇಬಲ್ಲು. ಎಲ್ಲಕ್ಕೂ ಹೆಚ್ಚು ಹೊತ್ತು ಹಿಡಿದದ್ದು ಕೊರಳಿನ ನಟ್ಟನ್ನು ಬಿಗಿಯುವ ಕೆಲಸ. ಸಡಿಲವಾದರೆ ಬ್ರೇಕು ಹಿಡಿದಾಗ ಮುಂಭಾಗ ಕಟಕಟನೆ ಅಲುಗುತ್ತದೆ. ಅತಿ ಬಿಗಿಯಾದರೆ ಗಾಡಿ ಮೆಲ್ಲಗೆ ಓಡುವಾಗ ಕುಡಿದವನಂತೆ ಓಲಾಡುತ್ತದೆ. ಎತ್ತಿಟ್ಟ ಗಾಲಿ ಬೆರಳು ಸೋಕಿದಷ್ಟಕ್ಕೇ ತಾನಾಗಿ ಒಂದು ಮಗ್ಗುಲಿಗೆ ಹೊರಳಬೇಕು, ಆದರೂ ಕೊರಳಿನಲ್ಲಿ ಅಲುಗಾಟವಿರಬಾರದು. ಅಲ್ಲಿಗೆ ಬರುವ ತನಕ ಮೇಸ್ತ್ರಿ ಏಳು ಸಲ ಬಿಚ್ಚಿ ಬಿಗಿದ.

ಮರುದಿನ ಮಗನನ್ನು ಹಿಂದೆ ಕೂಡ್ರಿಸಿಕೊಂಡು ಘಟಪ್ರಭಾದ ಮೇಲಿಂದ ಹುಕ್ಕೇರಿಗೆ ಹೋದೆ. ಕೈಗಳು ಹಗುರಾಗಿದ್ದವು, ಗುಂಡಿಗಳು ಬಂದವು, ಹೋದವು. ಮಾಮಾ ಅಂಗಳದಲ್ಲಿಯೇ ಗಾಡಿಯ ಸುತ್ತ ಕೈಯಾಡಿಸಿದರು.

“ಏನೇನ ಬದಲಿ ಮಾಡಿಸಿದ್ಯೋ?”

“ಭಾಳ ಮಾಡಿಸೀನ್ರಿ ಮಾಮಾ. ನೋಡಿದ್ರ ಕಾಣೂದಿಲ್ಲ.”

ಅವರು ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಯವರೆಗೆ ಒಮ್ಮೆ ತಿರುಗಿಸಿ ಸುಮ್ಮನಾದರು. ಕಾಗದದಲ್ಲಿ ಸುತ್ತಿ ತಂದಿದ್ದ ಹಳೆಯ ಬಟ್ಟಲನ್ನು ಅವರ ಕೈಗಿತ್ತೆ. ಮಂದಗಣ್ಣಿಗೆ ಅದು ಕಾಣುವಂತಿರಲಿಲ್ಲ. ಹೆಬ್ಬೆರಳಿನಿಂದ ಒಂದೊಂದೇ ಗುಳಿಯನ್ನು ಸವರುತ್ತ, “ಇವು ಹಿಡಕಲ್ ದಾರೀವು,” ಎಂದರು. ಆಮೇಲೆ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ನನಗೆ ಮರಳಿ ಕೊಡಲಿಲ್ಲ.

ಹಿಂದಿರುಗುವಾಗ ಹ್ಯಾಂಡಲ್ ಮಗನ ಕೈಯಲ್ಲಿತ್ತು. “ಬ್ರೇಕ್ ಹಳೇದೈತಿ, ಮರೀಬ್ಯಾಡ,” ಎಂದಿದ್ದೆ. ಘಟಪ್ರಭಾದ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ಎದುರಾಯಿತು. ಅದರ ಹಿಂದೆ ಇನ್ನೊಂದು ನಮ್ಮ ಮುಂದೆಯೇ ಸಾಗಿತ್ತು. ನಾನು ಉಸಿರು ಬಿಗಿಹಿಡಿದೆ. ಅವನು ದಾಟಲು ಅವಸರಪಡಲಿಲ್ಲ. ಗೇರು ಇಳಿಸಿ, ಸಾಕಷ್ಟು ಅಂತರ ಬಿಟ್ಟು, ರಸ್ತೆ ತೆರವಾಗುವ ತನಕ ಅದರ ಹಿಂದೆಯೇ ನಿಧಾನವಾಗಿ ನಡೆದ.