ಕೌಂಟ್ ಕಮ್ಮಿ ಎಂದರೆ ಅಲ್ಲಿಗೇ ಮುಗಿಯಲಿಲ್ಲ

ಮಕ್ಕಳಾಗಲಿಲ್ಲವೆಂದು ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹರಕೆ ಹೊರುವವಳು ಹೆಂಡತಿ. ತಿರುಮಕೂಡಲಿನ ಸಂಗಮದಲ್ಲಿ ಮುಳುಗೇಳುವವಳೂ ಅವಳೇ. ಆದರೆ ಇಂಥ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಬಲವಂತಕ್ಕೆ ವೀರ್ಯ ಪರೀಕ್ಷೆ ಮಾಡಿಸಿಕೊಂಡವನು ‘ಕೌಂಟ್ ಕಮ್ಮಿಯಂತೆ’ ಎಂದು ಮಾತ್ರೆ ನುಂಗಿ ಸುಮ್ಮನಾಗುತ್ತಾನೆ. ನನಗೆ ಭಯವಿರುವುದು ಈ ಸುಮ್ಮನಾಗುವುದರ ಬಗ್ಗೆ.

ವೀರ್ಯಾಣು ಬೆಳೆಯಲು ಸುಮಾರು 74 ದಿನ ಬೇಕು. ಆ ನಡುವೆ ಜೀವಕೋಶ ತನ್ನ ಡಿಎನ್ಎ ಎಳೆಗಳನ್ನು ತಾನೇ ಕತ್ತರಿಸಿ ಮತ್ತೆ ಬೆಸೆಯುತ್ತದೆ. ಹೀಗೆ ಬೆಸೆಯುವ ಜೀನ್‌ಗಳಲ್ಲಿ ಹಲವು, ಎಕ್ಸ್-ರೇಯಂಥ ವಿಕಿರಣ ಮುರಿದ ಎಳೆಗಳನ್ನು ದುರಸ್ತಿ ಮಾಡುವಂಥವೇ. ಇವುಗಳಲ್ಲೊಂದಾದ ಎಟಿಎಂ ಜೀನ್ ಕೆಟ್ಟವರ ದೇಹ ವಿಕಿರಣವನ್ನು ತಾಳದು, ಸಂತಾನಶಕ್ತಿಯೂ ಕುಂದುತ್ತದೆ. ಇಂಥದೇ ಇನ್ನೊಂದು ದುರಸ್ತಿ ಜೀನ್ ಕೆಟ್ಟು ಬರುವ ಬ್ಲೂಮ್ ಸಿಂಡ್ರೋಮ್ ಇರುವ ಗಂಡಸರಿಗೆ ಮಕ್ಕಳಾಗುವುದಿಲ್ಲ, ಕ್ಯಾನ್ಸರ್ ಬೇಗ ಬರುತ್ತದೆ. ಇವು ಅಪರೂಪದ ಕಾಯಿಲೆಗಳು, ನಿಜ. ಆದರೆ ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಕಾಣಿಸಿಕೊಳ್ಳುವಂಥವು. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಸೀಮೆಯಲ್ಲಿ ಇದನ್ನು ಹಗುರವಾಗಿ ನೋಡುವಂತಿಲ್ಲ.

ಇಂಥ ಹೆಸರಿನ ಕಾಯಿಲೆಯಿಲ್ಲದ ಸಂತಾನಹೀನ ಪುರುಷರ ಬಿಳಿ ರಕ್ತಕಣಗಳಲ್ಲೂ ಕ್ರೋಮೋಸೋಮಿನ ಒಡೆದ ಚೂರುಗಳಾದ ಮೈಕ್ರೋನ್ಯೂಕ್ಲಿಯಸ್‌ಗಳು ಹೆಚ್ಚಿದ್ದುದನ್ನು ಅಧ್ಯಯನಗಳು ಕಂಡಿವೆ. ಎಂದರೆ ತೊಂದರೆ ವೃಷಣದಲ್ಲಿ ಮಾತ್ರವಲ್ಲ. 2013ರಲ್ಲಿ ಪ್ರಕಟವಾದ ಟೆಕ್ಸಾಸ್‌ನ ಅಧ್ಯಯನದಲ್ಲಿ, ವೀರ್ಯಾಣುವೇ ಇಲ್ಲದವರಿಗೆ ಕ್ಯಾನ್ಸರ್ ಬಂದ ಪ್ರಮಾಣ ಸಾಮಾನ್ಯ ಗಂಡಸರ ಸುಮಾರು ಮೂರು ಪಟ್ಟು. ಹಾಗೆಂದು ಪ್ರತಿ ಕಮ್ಮಿ ಕೌಂಟೂ ಕ್ಯಾನ್ಸರಿನ ಮುನ್ಸೂಚನೆಯಲ್ಲ.

ಮಕ್ಕಳಾಗದ್ದಕ್ಕೆ ಊರವರು ದೂರುವುದು ಮೊಬೈಲ್ ಟವರನ್ನು. ಅದರ ಅಲೆಗಳಿಗೆ ಡಿಎನ್ಎ ಮುರಿಯುವ ಕಸುವಿಲ್ಲ. ಆ ಕಸುವಿರುವುದು ಎಕ್ಸ್-ರೇಗೆ, ಸಿಟಿ ಸ್ಕ್ಯಾನಿಗೆ, ರೇಡಿಯೋಥೆರಪಿಗೆ. ವೃಷಣಕ್ಕೆ ಸುಮಾರು 0.1 ಗ್ರೇ (ಗ್ರೇ ಎಂದರೆ ದೇಹ ಹೀರಿದ ವಿಕಿರಣದ ಅಳತೆ) ಬಿದ್ದರೂ ವೀರ್ಯಾಣುಗಳ ಸಂಖ್ಯೆ ತಾತ್ಕಾಲಿಕವಾಗಿ ಕುಸಿಯಬಹುದು. ಸ್ಕ್ಯಾನಿಗೆ ಹೆದರಿ ಓಡಬೇಕಿಲ್ಲ. ಬೇಡದ ಸ್ಕ್ಯಾನ್ ಬೇಡ, ಅಷ್ಟೆ.

ಇನ್ನೊಂದು ಅಪಾಯ ಮುಂದಿನ ತಲೆಮಾರಿನದು. ವೈ ಕ್ರೋಮೋಸೋಮಿನ ತುಂಡು ಕಳೆದುಹೋದವನಿಗೆ ಒಂದು ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದಲ್ಲಿ ಮಗ ಹುಟ್ಟಿದರೆ, ಆ ಕೊರತೆ ಮಗನಿಗೂ ಹೋಗುತ್ತದೆ. ಆದ್ದರಿಂದ ಕೌಂಟ್ ತೀರಾ ಕಡಿಮೆಯಿದ್ದರೆ ಇಕ್ಸಿಗೆ ದುಡ್ಡು ಕಟ್ಟುವ ಮುನ್ನ ಕ್ರೋಮೋಸೋಮ್ ಪರೀಕ್ಷೆ, ವೈ ಪರೀಕ್ಷೆ ಎರಡನ್ನೂ ಕೇಳಿ ಮಾಡಿಸಿ. ರೇಡಿಯೋಥೆರಪಿಗೆ ಹೊರಟ ಹುಡುಗನಿದ್ದರೆ ಮೊದಲ ದಿನಕ್ಕೂ ಮುಂಚೆಯೇ ವೀರ್ಯ ಶೇಖರಿಸಿಡುವ ಬಗ್ಗೆ ವೈದ್ಯರನ್ನು ಕೇಳಿ.