ಪ್ರವಾಸದ ಪ್ರಸ್ತಾವ ಮಕ್ಕಳೇ ಮಂಡಿಸಲಿ

ಮುಂಬಯಿ ಮಹಾನಗರದಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ. ಕೊಲಾಬಾದಿಂದ ಡೊಂಬಿವಲಿಯವರೆಗೆ, ವಿರಾರ್‌ನಿಂದ ನವಿ ಮುಂಬಯಿಯವರೆಗೆ ಹರಡಿರುವ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಲ್ಲಿ ಹಲವು ಭಾನುವಾರಗಳಂದು ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತ ಬಂದಿವೆ. ವಾರಕ್ಕೊಂದೇ ರಜೆ ಇದ್ದರೂ ಅದನ್ನು ಬದಿಗಿಟ್ಟು ಕಲಿಸುವ ಶಿಕ್ಷಕ-ಶಿಕ್ಷಕಿಯರ ಸೇವೆ ನಿಜಕ್ಕೂ ಶ್ಲಾಘನೀಯ. ಆದರೆ ಕಾಗುಣಿತ ಮುಗಿದು ಒತ್ತಕ್ಷರ ಶುರುವಾಗುವಷ್ಟರಲ್ಲಿ ತರಗತಿಯ ಚಾಪೆ ಅರ್ಧ ಖಾಲಿಯಾಗಿರುತ್ತದೆ. ಪರೀಕ್ಷೆ, ಟ್ಯೂಷನ್, ಕ್ರಿಕೆಟ್ ಕೋಚಿಂಗ್ ಎಂದು ಕಾರಣ ಹಲವು. ನಿಜವಾದ ಕಾರಣ ಮಾತ್ರ ಒಂದೇ: ಕಲಿತ ಕನ್ನಡದಿಂದ ಮಕ್ಕಳಿಗೆ ಯಾವ ಕೆಲಸವೂ ಆಗುವುದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗ ಹಿಂದಿಯಲ್ಲಿ ಉತ್ತರಿಸಿದರೂ ಮನೆಯಲ್ಲಿ ಊಟ ಸಿಗುತ್ತದೆ.

ಇನ್ನೊಂದು ಕಡೆ, ಸಂಘಗಳ ವಾರ್ಷಿಕ ವಿಹಾರಕೂಟವೂ ತಪ್ಪದೆ ನಡೆಯುತ್ತದೆ. ಕರ್ಜತ್ ಅಥವಾ ಲೋನಾವಳಾದ ಕಡೆ ಒಂದು ರೆಸಾರ್ಟ್, ಎರಡು ಬಸ್ಸು, ಹೌಸಿ ಆಟ, ಸಂಜೆಗೆ ಬಹುಮಾನ ವಿತರಣೆ. ಎಲ್ಲಿಗೆ, ಯಾವಾಗ, ಎಷ್ಟು ಖರ್ಚು ಎಂಬುದನ್ನೆಲ್ಲ ಹಿರಿಯರೇ ತೀರ್ಮಾನಿಸುತ್ತಾರೆ. ಮಕ್ಕಳ ಪಾಲಿಗೆ ಉಳಿಯುವುದು ಕಿಟಕಿ ಬದಿಯ ಸೀಟಿನ ಜಗಳ ಮಾತ್ರ.

ಈ ಎರಡನ್ನೂ ಒಂದುಗೂಡಿಸಿದರೆ ಹೇಗೆ? ಕನ್ನಡ ತರಗತಿಗೆಂದೇ ವರ್ಷಕ್ಕೊಂದು ಸಾಂಸ್ಕೃತಿಕ ಪ್ರವಾಸ ಇರಲಿ. ಅದರ ಯೋಜನೆಯನ್ನು ಮಕ್ಕಳೇ ಸಿದ್ಧಪಡಿಸಲಿ. ಬಳಿಕ ಕಾರ್ಯಕಾರಿ ಸಮಿತಿಯ ಮುಂದೆ ನಿಂತು ಕನ್ನಡದಲ್ಲಿ ಅದನ್ನು ಮಂಡಿಸಿ ಒಪ್ಪಿಗೆ ಪಡೆಯಲಿ.

ಹೋಗುವುದಾದರೂ ಎಲ್ಲಿಗೆ?

ಕನ್ನಡದ ಇತಿಹಾಸ ನೋಡಲು ಹಂಪಿ, ಬಾದಾಮಿಗೇ ಹೋಗಬೇಕೆಂದಿಲ್ಲ. ಲೋಕಲ್ ಟ್ರೇನಿನ ರಿಟರ್ನ್ ಟಿಕೆಟಿನಲ್ಲೇ ನೋಡಬಹುದಾದದ್ದು ನಮ್ಮ ಕಣ್ಣೆದುರಿಗಿದೆ.

ಮೊದಲನೆಯದು ಕೋಟೆ ಪರಿಸರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ. 1922ರಲ್ಲಿ ಸಾರ್ವಜನಿಕರಿಗೆ ತೆರೆದ ಇದನ್ನು ಹಿರಿಯರು ಈಗಲೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದೇ ಕರೆಯುತ್ತಾರೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಶಿಲ್ಪಫಲಕಗಳು ಇಲ್ಲಿವೆ. ಬಾದಾಮಿ ಚಾಲುಕ್ಯರ ಕಾಲದ ಕೆತ್ತನೆ ಮುಂಬಯಿಯಲ್ಲೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಐಹೊಳೆ ಇದ್ದ ಅಂದಿನ ಬಿಜಾಪುರ ಜಿಲ್ಲೆ ಆಗ ಮುಂಬಯಿ ಆಡಳಿತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಆ ಭಾಗದ ಕನ್ನಡಿಗರಿಗೆ ಮುಂಬಯಿಯೇ ರಾಜಧಾನಿ. ರಾಜ್ಯೋತ್ಸವದ ದಿನ ಬಾಯಿಪಾಠ ಒಪ್ಪಿಸುವ ಇಸವಿಗೆ ಇಲ್ಲಿ ಒಂದು ಅರ್ಥ ಸಿಗುತ್ತದೆ.

ಎರಡನೆಯದು ಘಾರಾಪುರಿ, ಅಂದರೆ ಎಲಿಫೆಂಟಾ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣವಿದು. ಇಲ್ಲಿನ ಮುಖ್ಯ ಗುಹೆ ಕಲಚೂರಿಗಳ ಕಾಲದ್ದೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕನ್ನಡದ ನಂಟು ಬೇರೆ ಕಡೆ ಇದೆ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿಯು ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಗೆದ್ದು, ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಹಡಗುಗಳ ಪಡೆಯೊಂದಿಗೆ ಮುತ್ತಿದ್ದನ್ನು ಹೇಳುತ್ತಾನೆ. ಆ ಪುರಿಯೇ ಈ ಘಾರಾಪುರಿ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಮ್ಯೂಸಿಯಂ ನೋಡಿ ಬಂದ ಮಕ್ಕಳಿಗೆ ಐಹೊಳೆ ಮತ್ತೊಮ್ಮೆ ಎದುರಾಗುತ್ತದೆ.

ಮೂರನೆಯದು ಮಾಟುಂಗಾ. ರಾಜರ ಇತಿಹಾಸ ಸಾಕು, ನಮ್ಮ ಅಜ್ಜಂದಿರ ಇತಿಹಾಸ ಬೇಕು ಎನ್ನುವ ತಂಡಕ್ಕೆ ಇದು ಹೇಳಿ ಮಾಡಿಸಿದ ಜಾಗ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಇಲ್ಲಿದೆ. ಎ. ರಾಮ ನಾಯಕ್ ಅವರು 1942ರಲ್ಲಿ ರೈಲು ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಊರು ಬಿಟ್ಟು ಬಂದ ಹುಡುಗರು ಹಗಲಲ್ಲಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಬದುಕು ಕಟ್ಟಿಕೊಂಡ ಕಥೆ ನಮ್ಮ ಅನೇಕ ಮನೆಗಳಲ್ಲಿದೆ. ಬಾಳೆಲೆಯ ಮುಂದೆ ಕುಳಿತು ಆ ಕಥೆ ಕೇಳಿಸಿಕೊಳ್ಳುವುದೂ ಪಾಠವೇ.

ದೊಡ್ಡ ಮಕ್ಕಳು ಎಲ್ಲೋರಾ ಬೇಕೆಂದು ಹಠ ಹಿಡಿಯಬಹುದು. ತಪ್ಪೇನಿಲ್ಲ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವನ್ನು ಕನ್ನಡದ ಮಕ್ಕಳು ನೋಡಲೇಬೇಕು. ಆದರೆ ಅದಕ್ಕೆ ರಾತ್ರಿ ಪ್ರಯಾಣ, ವಸತಿ, ಹೆಚ್ಚಿನ ಹಣ ಎಲ್ಲವೂ ಬೇಕು. ಈ ಲೆಕ್ಕವನ್ನು ಹಿರಿಯರು ಹೇಳಿಕೊಡುವ ಬದಲು ಅವರೇ ಹಾಕಿ ನೋಡಲಿ.

ಯೋಜನೆ ಹೀಗಿರಲಿ

ತರಗತಿಯನ್ನು ಐದಾರು ಮಕ್ಕಳ ತಂಡಗಳಾಗಿ ಮಾಡಿ, ಒಂದು ತಂಡಕ್ಕೆ ಒಂದು ಸ್ಥಳ ಎಂದು ಹಂಚಬೇಕು. ನಾಲ್ಕು ವಾರದ ಗಡುವು ಸಾಕು. ಪ್ರತಿ ತಂಡ ಒಂದೇ ಪುಟದ ಪ್ರಸ್ತಾವ ಬರೆಯಲಿ. ಅದರಲ್ಲಿ ಆರು ಪ್ರಶ್ನೆಗೆ ಉತ್ತರ ಇರಬೇಕು: ಏಕೆ ಹೋಗಬೇಕು, ಏನು ನೋಡಬೇಕು, ಹೇಗೆ ಹೋಗಬೇಕು, ಎಷ್ಟು ಖರ್ಚು, ಯಾರು ಜೊತೆಗೆ ಬರುತ್ತಾರೆ, ತೊಂದರೆ ಬಂದರೆ ಏನು ಮಾಡುವುದು.

ಮುಂಬಯಿಯಲ್ಲಿ ಕೊನೆಯ ಪ್ರಶ್ನೆಯೇ ದೊಡ್ಡದು. ಭಾನುವಾರ ಹೊರಟರೆ ಮೆಗಾ ಬ್ಲಾಕ್ ಯಾವ ಲೈನಿನಲ್ಲಿದೆ ಎಂದು ನೋಡಬೇಕು. ಘಾರಾಪುರಿಯ ಗುಹೆಗಳಿಗೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ. ಮಳೆಗಾಲದಲ್ಲಿ ದೋಣಿಯನ್ನು ನಂಬಿ ಕೂರುವಂತಿಲ್ಲ. ಗುಹೆಗೆ ಏರುವ ಮೆಟ್ಟಿಲು ಮಂಡಿನೋವಿನ ಅಜ್ಜಿಗೆ ಆಗುತ್ತದೆಯೇ ಎಂದೂ ಯೋಚಿಸಬೇಕು. ಶಾಲಾ ಮಕ್ಕಳಿಗೆ ರಿಯಾಯಿತಿ ಸಿಗುವುದೇ ಎಂದು ಕೇಳಿ ತಿಳಿಯುವ ಕೆಲಸವೂ ಮಕ್ಕಳದ್ದೇ. ಮಧ್ಯಾಹ್ನಕ್ಕೆ ಮನೆಯ ಡಬ್ಬವೋ ಹೋಟೆಲೋ ಎಂಬ ಚರ್ಚೆಯಲ್ಲೇ ಒಂದು ಭಾನುವಾರ ಕಳೆದರೂ ನಷ್ಟವಿಲ್ಲ, ಚರ್ಚೆ ಕನ್ನಡದಲ್ಲಿ ನಡೆದರಾಯಿತು.

ಈ ಕೆಲಸಕ್ಕೆ ಬೇಕಾಗುವ ಕನ್ನಡ ಪಠ್ಯಪುಸ್ತಕದ ಕನ್ನಡವಲ್ಲ. ಬೆಲೆ ಕೇಳುವುದು, ಸಮಯ ಹೇಳುವುದು, ವಿನಂತಿಪತ್ರ ಬರೆಯುವುದು, ಇನ್ನೊಬ್ಬರ ಮಾತನ್ನು ಒಪ್ಪದಿದ್ದರೂ ಗೌರವದಿಂದ ಉತ್ತರಿಸುವುದು. ನಮ್ಮ ಅನೇಕ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಅವರಿಗೆ ಕನ್ನಡ ಮನೆಯಿಂದ ತಾನಾಗಿ ಬರುವುದಿಲ್ಲ, ಕೆಲಸದಿಂದಲೇ ಬರಬೇಕು.

ಸಮಿತಿಯ ಹೊಣೆ

ಪ್ರಸ್ತಾವ ಮಂಡನೆಯ ದಿನ ಸಮಿತಿಯವರು ಹಾರ-ತುರಾಯಿ ಬದಿಗಿಟ್ಟು ಕೂರಬೇಕು. ಪ್ರತಿ ತಂಡಕ್ಕೆ ಹತ್ತು ನಿಮಿಷ. ಶಿಕ್ಷಕಿ ಬರೆದುಕೊಟ್ಟ ಭಾಷಣ ಬೇಡ. ಕೋಶಾಧಿಕಾರಿಗಳು ಹಿರಿಯರನ್ನು ಕೇಳುವಷ್ಟೇ ಖಡಕ್ಕಾಗಿ ಲೆಕ್ಕ ಕೇಳಲಿ. ಅಷ್ಟು ಹಣ ಇಲ್ಲದಿದ್ದರೆ ಇಲ್ಲವೆಂದೇ ಹೇಳಲಿ, ಏಕೆ ಇಲ್ಲವೆಂದೂ ಹೇಳಲಿ. ಮಾತಿನ ನಡುವೆ ಹಿಂದಿ ಶಬ್ದ ನುಸುಳಿದರೆ, ಅಲ್ಪಪ್ರಾಣ-ಮಹಾಪ್ರಾಣ ಅದಲುಬದಲಾದರೆ ನಗುವುದು ಬೇಡ. ಒಮ್ಮೆ ನಕ್ಕರೆ ಆ ಮಗು ಮತ್ತೆ ಕನ್ನಡದಲ್ಲಿ ಬಾಯಿ ತೆರೆಯುವುದಿಲ್ಲ.

ಒಂದು ಮಾತು ಮುಖ್ಯ. ಮಕ್ಕಳ ಆಯ್ಕೆಗೆ ಒಪ್ಪಿಗೆ ಕೊಟ್ಟ ಮೇಲೆ ಅದನ್ನು ಬದಲಿಸಬಾರದು. ಮಕ್ಕಳು ಮಾಟುಂಗಾ ಎಂದು ತೀರ್ಮಾನಿಸಿದ ನಂತರ ದಾನಿಗಳೊಬ್ಬರ ಸಲಹೆಯಂತೆ ಬಸ್ಸು ರೆಸಾರ್ಟಿಗೆ ತಿರುಗಿದರೆ, ಅವರು ಕಲಿಯುವ ಪಾಠವೇ ಬೇರೆ.

ಪ್ರವಾಸ ಮುಗಿದ ಮೇಲೆ ಲೆಕ್ಕಪತ್ರ ಒಪ್ಪಿಸುವುದೂ ತಂಡದ ಕೆಲಸ. ಉಳಿದ ಹಣ ಐವತ್ತು ರೂಪಾಯಿಯಾದರೂ ರಸೀದಿಯೊಂದಿಗೆ ಹಿಂದಿರುಗಲಿ. ರಾಜ್ಯೋತ್ಸವದ ವೇದಿಕೆಯಲ್ಲಿ ಬಾಯಿಪಾಠದ ಭಾಷಣದ ಬದಲು ತಾವು ಕಂಡದ್ದನ್ನು ಮಕ್ಕಳು ಹೇಳಲಿ. ಸಭೆ ಆಗ ಹೆಚ್ಚು ಹೊತ್ತು ಕುಳಿತೀತು.

ಯುವಕರು ಸಂಘದ ಕಡೆ ತಲೆ ಹಾಕುವುದಿಲ್ಲ ಎಂಬ ಕೊರಗು ಪ್ರತಿ ವಾರ್ಷಿಕ ಮಹಾಸಭೆಯಲ್ಲೂ ಕೇಳಿಬರುತ್ತದೆ. ಸಂಘದಲ್ಲಿ ತಮ್ಮ ಮಾತು ನಡೆದದ್ದನ್ನು ಹತ್ತನೇ ವಯಸ್ಸಿನಲ್ಲೇ ಕಂಡ ಮಗು ಇಪ್ಪತ್ತೈದಕ್ಕೆ ಸಂಘದ ಬಾಗಿಲು ಮರೆಯಲಾರದು. ಬರುವ ರಜೆಯ ವಿಹಾರಕೂಟಕ್ಕೆ ರೆಸಾರ್ಟ್ ಕಾದಿರಿಸುವ ಮುನ್ನ ನಮ್ಮ ಪದಾಧಿಕಾರಿಗಳು ಒಂದು ಭಾನುವಾರ ಕನ್ನಡ ತರಗತಿಗೆ ಹೋಗಿ, ಎಲ್ಲಿಗೆ ಹೋಗೋಣ ಎಂದು ಮಕ್ಕಳನ್ನೇ ಕೇಳಲಿ.