ಕಡಜದ ಕುಟುಕು, ಸುಣ್ಣದ ಕೀಲಿಕೈ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗು ಎಂದರೆ ಬದುಕು. ಆದರೆ ಕಾಯಿ ಕೆಡಹಲು ಮರವೇರುವವನಿಗೆ ಎತ್ತರದ ಭಯವಲ್ಲದೆ ಇನ್ನೊಂದು ಭಯವೂ ಉಂಟು: ಗರಿಗಳ ಮರೆಯಲ್ಲಿ ಗೂಡು ಕಟ್ಟಿರುವ ಕಡಜ. ಅದು ಕುಟುಕಿದರೆ ಹಳ್ಳಿಯ ಮೊದಲ ಮದ್ದು ಎಲೆಯಡಿಕೆಯ ಚೀಲದಲ್ಲಿಯೇ ಸಿದ್ಧ. ಬೆರಳ ತುದಿಯಲ್ಲಿ ಸುಣ್ಣ ತೆಗೆದು ಕುಟುಕಿದೆಡೆಗೆ ಬಳಿಯುತ್ತಾರೆ. ಬಹುಮಂದಿಗೆ ಉರಿ, ಬಾವು ಕೆಲವು ದಿನಗಳಲ್ಲಿ ಇಳಿಯುತ್ತವೆ. ಕೆಲವರಿಗೆ ಮಾತ್ರ ನಿಮಿಷಗಳಲ್ಲಿಯೇ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಕಣ್ಣು ಕತ್ತಲೆಗೊಳ್ಳುತ್ತದೆ. ಅದೇ ಕಡಜ, ಅದೇ ವಿಷ. ಒಬ್ಬನಿಗೆ ತುರಿಕೆ, ಇನ್ನೊಬ್ಬನಿಗೆ ಪ್ರಾಣಸಂಕಟ. ಈ ಭೇದವೇಕೆ? ಉತ್ತರದ ಹೆಚ್ಚಿನ ಪಾಲು ನಮ್ಮ ದೇಹದಲ್ಲಿಯೇ ಅಡಗಿದೆ.

ತುಂಬಿದ ಅಟ್ಟ

1878ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ಯುವಕನು ವೈದ್ಯಪದವಿಯ ಪ್ರಬಂಧಕ್ಕಾಗಿ ಅಂಗಾಂಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದಾಗ, ಕಾಳು ತುಂಬಿದಂತಿದ್ದ ಕೆಲವು ಜೀವಕೋಶಗಳನ್ನು ಗುರುತಿಸಿದನು. ಚೆನ್ನಾಗಿ ಉಂಡು ಕೊಬ್ಬಿದವು ಎಂಬರ್ಥದಲ್ಲಿ ಅವಕ್ಕೆ ಮಾಸ್ಟ್ ಕೋಶಗಳೆಂದು ಹೆಸರಿಟ್ಟನು. ಚರ್ಮದಲ್ಲಿ, ಶ್ವಾಸನಾಳದ ಗೋಡೆಯಲ್ಲಿ, ರಕ್ತನಾಳಗಳ ಸುತ್ತ ಇವು ಕಾವಲಿರುತ್ತವೆ. ಉಂಡೆ ಕೊಬ್ಬರಿಗೆಂದು ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಕೂಡಿಡುವಂತೆ, ಈ ಕೋಶಗಳು ಹಿಸ್ಟಮಿನ್ ಮೊದಲಾದ ಉಗ್ರ ದ್ರವ್ಯಗಳನ್ನು ತಮ್ಮ ಕಾಳುಗಳಲ್ಲಿ ಕೂಡಿಟ್ಟಿರುತ್ತವೆ.

ಹಿಂದಿನ ಕುಟುಕೊಂದು ಕೆಲವರ ದೇಹದಲ್ಲಿ ಐಜಿಇ ಎಂಬ ಪ್ರತಿಕಾಯವನ್ನು ಹುಟ್ಟಿಸುತ್ತದೆ. ಇದನ್ನು ಇಷಿಝಾಕಾ ದಂಪತಿಗಳು 1966ರಲ್ಲಿ ಬೆಳಕಿಗೆ ತಂದರು. ಈ ಪ್ರತಿಕಾಯಗಳು ಮಾಸ್ಟ್ ಕೋಶದ ಮೈಗಂಟಿ ಹೊಂಚುಹಾಕಿರುತ್ತವೆ. ಮುಂದೊಂದು ದಿನ ಅದೇ ವಿಷ ಮತ್ತೆ ಬಂದು, ಅಕ್ಕಪಕ್ಕದ ಪ್ರತಿಕಾಯಗಳನ್ನು ಒಟ್ಟಿಗೆ ಬೆಸೆದೊಡನೆ ಕೋಶದೊಳಕ್ಕೆ ಸುದ್ದಿ ಮುಟ್ಟುತ್ತದೆ. ಕಡಜದ ವಿಷದಲ್ಲಿರುವ ಮಾಸ್ಟೊಪರಾನ್ ಎಂಬ ದ್ರವ್ಯವಾದರೋ ಪ್ರತಿಕಾಯದ ಹಂಗಿಲ್ಲದೆಯೇ ಈ ಕೋಶಗಳನ್ನು ಕೆಣಕಬಲ್ಲುದು.

ನೀರುಗಂಟಿಯ ಕೆಲಸ

ಸುದ್ದಿಯನ್ನು ಕಾಳುಗಳವರೆಗೆ ಒಯ್ಯುವ ದೂತನಾರು? ಕ್ಯಾಲ್ಸಿಯಂ! ಎಲುಬನ್ನು ಗಟ್ಟಿಮಾಡುವ, ಎಲೆಗೆ ಹಚ್ಚುವ ಸುಣ್ಣದಲ್ಲಿಯೂ ಇರುವ ಅದೇ ಧಾತು. 1973ರಲ್ಲಿ ವಿಜ್ಞಾನಿಗಳು ಕೂದಲಿಗಿಂತ ಸಣ್ಣ ಗಾಜಿನ ನಳಿಗೆಯಿಂದ ಮಾಸ್ಟ್ ಕೋಶದೊಳಕ್ಕೆ ಕ್ಯಾಲ್ಸಿಯಂ ಚುಚ್ಚಿದಾಗ ಕಾಳುಗಳು ತಾವಾಗಿಯೇ ಹೊರಬಿದ್ದವು.

ಸುಮ್ಮನಿರುವ ಕೋಶದಲ್ಲಿ ಬಿಡಿ ಕ್ಯಾಲ್ಸಿಯಂ ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಹೊರಗೆ ತುಂಬಿದ ಕೆರೆ, ಒಳಗೆ ಒಣಗಿದ ಗದ್ದೆ ಎನ್ನಿ. ಗದ್ದೆಯೊಳಗೊಂದು ಪುಟ್ಟ ತೊಟ್ಟಿಯೂ ಉಂಟು. ಸುದ್ದಿ ಬಂದೊಡನೆ ಮೊದಲು ಈ ತೊಟ್ಟಿಯ ಕ್ಯಾಲ್ಸಿಯಂ ಹರಿಯುತ್ತದೆ. ತೊಟ್ಟಿ ಬರಿದಾದುದನ್ನು ಅರಿತ 'ಸ್ಟಿಮ್' ಎಂಬ ನೀರುಗಂಟಿ ಕೋಶದ ಅಂಚಿಗೆ ಹೋಗಿ 'ಒರೈ' ಎಂಬ ತೂಬನ್ನು ತೆರೆಯುತ್ತಾನೆ. ಈ ಇಬ್ಬರ ಗುರುತು ಸಿಕ್ಕಿದ್ದು 2005 ಮತ್ತು 2006ರಲ್ಲಿ. ಹೊರಗಿನ ಕ್ಯಾಲ್ಸಿಯಂ ನುಗ್ಗಿತೆಂದರೆ ಕಾಳುಗಳು ಕೋಶದ ಪೊರೆಯೊಡನೆ ಬೆರೆತು, ಹಿಸ್ಟಮಿನನ್ನು ಹೊರಚೆಲ್ಲುತ್ತವೆ. ದೇಹದ ನಾನಾ ಕಡೆ ಒಮ್ಮೆಗೇ ಹೀಗಾದರೆ ರಕ್ತನಾಳಗಳು ಸಡಿಲಗೊಂಡು ರಕ್ತದ ಒತ್ತಡ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ.

ಹಾಗಾದರೆ ಚರ್ಮಕ್ಕೆ ಬಳಿದ ಸುಣ್ಣ ಇದನ್ನು ತಡೆದೀತೆ? ತಡೆಯಲಾರದು. ಕೋಶದ ಹೊರಗೆ ಕ್ಯಾಲ್ಸಿಯಂ ಎಂದೂ ಧಾರಾಳ, ತೀರ್ಮಾನವಾಗುವುದು ತೂಬಿನಲ್ಲಿ. ಹಾಲು, ರಾಗಿ ಬಿಟ್ಟರೆ ಅಪಾಯ ತಗ್ಗೀತೆಂಬ ಭ್ರಮೆಯೂ ಬೇಡ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹವು ಎಲುಬಿನಿಂದ ಎರವಲು ತಂದಾದರೂ ಸರಿದೂಗಿಸಿಕೊಳ್ಳುತ್ತದೆ.

ಮಾಡಬೇಕಾದುದೇನು?

ಕುಟುಕಿದೆಡೆಯಿಂದ ದೂರದಲ್ಲಿ ದದ್ದು, ತುಟಿ ನಾಲಗೆಗಳ ಬಾವು, ಉಬ್ಬಸ, ತಲೆಸುತ್ತು ಕಂಡರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಸಾಗಿಸಬೇಕು. ರೋಗಿಯನ್ನು ನಡೆಸಬಾರದು, ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಬ್ಬಸ ಹೆಚ್ಚಿದ್ದರೆ ಒರಗಿ ಕೂರಿಸಬಹುದು. ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಇಲ್ಲಿ ಪ್ರಾಣರಕ್ಷಕ: ಅದು ಸಡಿಲಗೊಂಡ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆ, ಮಾಸ್ಟ್ ಕೋಶಗಳ ಉಗುಳುವಿಕೆಯನ್ನೂ ತಗ್ಗಿಸುತ್ತದೆ. ತುರಿಕೆಯ ಮಾತ್ರೆ ಅದರ ಸ್ಥಾನವನ್ನು ತುಂಬಲಾರದು.

ಗುಣವಾದ ಮೇಲೂ ಎಚ್ಚರ ತಪ್ಪಬಾರದು. ಬರಿದಾದ ಅಟ್ಟ ಮತ್ತೆ ತುಂಬಿಕೊಳ್ಳುತ್ತದೆ. ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯಬಹುದು. ಒಮ್ಮೆ ಹೀಗೆ ನರಳಿದವನು ಮತ್ತೆ ಮರವೇರುವ ಮುನ್ನ ವೈದ್ಯರನ್ನು ಕಾಣಲೇಬೇಕು.